ಹಾಸ್ಟೆಲಿಗೆ ಹೋದ ಮಗ ಚರ್ಚಿಗೆ ಹೋಗ್ತಿಲ್ಲ, ಏನು ಮಾಡಲಿ?

ಪ್ರಶ್ನೆ: ನನ್ನ ಮಗನಿಗೆ 20 ವರ್ಷ. ಚಿಕ್ಕಂದಿನಿಂದ ಸಂಡೇ ಸ್ಕೂಲ್ ತಪ್ಪಿಸಿದವನಲ್ಲ. ವಾಕ್ಯ ಬಾಯಿಪಾಠ ಹೇಳಿ ಪ್ರತಿ ವರ್ಷ ಬಹುಮಾನ ತರುತ್ತಿದ್ದ. ಆರಾಧನೆಯಲ್ಲಿ ಗಿಟಾರ್ ನುಡಿಸುತ್ತಿದ್ದ. ಕಾಲೇಜಿಗೆಂದು ಬೇರೆ ಊರಿಗೆ ಹೋಗಿ ಎರಡು ವರ್ಷವಾಯಿತು. ಈಗ ಚರ್ಚಿಗೆ ಹೋಗುವುದೇ ಇಲ್ಲ. ಕೇಳಿದರೆ "ನಂಬಿಕೆ ಇದೆ ಅಮ್ಮಾ, ಚರ್ಚ್ ಮಾತ್ರ ಬೇಡ" ಅನ್ನುತ್ತಾನೆ. ನಮ್ಮ ಯಜಮಾನರು ಸಭೆಯ ಹಿರಿಯರು. ಅವರಿಗೆ ತಲೆ ತಗ್ಗಿಸುವ ಹಾಗಾಗಿದೆ. ಮೊಬೈಲು, ಸ್ನೇಹಿತರು, ಈಗಿನ ಕಾಲದ ಸಂಸ್ಕೃತಿ ಇವನನ್ನು ಕೆಡಿಸಿತಾ? ನಾವೆಲ್ಲಿ ತಪ್ಪಿದೆವು? ರಜೆಗೆ ಬಂದಾಗ ಬಲವಂತ ಮಾಡಿಯಾದರೂ ಚರ್ಚಿಗೆ ಕರೆದುಕೊಂಡು ಹೋಗಲೇ?

ಉತ್ತರ:

ಪ್ರಿಯ ಸಹೋದರಿ,

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. "ನಾವೆಲ್ಲಿ ತಪ್ಪಿದೆವು" ಎಂಬ ಮಾತಿನ ಹಿಂದೆ ಎಷ್ಟು ರಾತ್ರಿಗಳ ನಿದ್ದೆ ಹೋಗಿದೆಯೋ. ಮೂವತ್ತು ವರ್ಷದಿಂದ ಯೌವನಸ್ಥರ ನಡುವೆ ಸೇವೆಯಲ್ಲಿದ್ದೇನೆ. ಇದೇ ಪ್ರಶ್ನೆ ಹಿಡಿದು ಬಂದ ತಾಯಂದಿರು ಬಹಳ ಜನ. ಅವರಿಗೆಲ್ಲ ಮೊದಲು ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ಮಗ ಕೈತಪ್ಪಿ ಹೋದ ಅಂತ ಈಗಲೇ ತೀರ್ಮಾನ ಮಾಡಬೇಡಿ. ಅವನ ಕಥೆ ಇನ್ನೂ ನಡೆಯುತ್ತಿದೆ.

ಇವನೊಬ್ಬನೇ ಹೀಗೆ ಅಂತಲೂ ಅಂದುಕೊಳ್ಳಬೇಡಿ. ಅಮೆರಿಕದ ಲೈಫ್‌ವೇ ರಿಸರ್ಚ್ ಸಂಸ್ಥೆ 2017ರಲ್ಲಿ ಒಂದು ಸಮೀಕ್ಷೆ ಮಾಡಿತು. ಹೈಸ್ಕೂಲಿನಲ್ಲಿದ್ದಾಗ ಕನಿಷ್ಠ ಒಂದು ವರ್ಷ ತಪ್ಪದೆ ಪ್ರೊಟೆಸ್ಟೆಂಟ್ ಚರ್ಚಿಗೆ ಹೋಗುತ್ತಿದ್ದವರನ್ನು ಮಾತಾಡಿಸಿತು. ಅವರಲ್ಲಿ ಶೇ. 66 ಜನ 18ರಿಂದ 22ರ ವಯಸ್ಸಿನಲ್ಲಿ ಕನಿಷ್ಠ ಒಂದು ವರ್ಷ ಚರ್ಚ್ ಬಿಟ್ಟಿದ್ದರು. 2007ರಲ್ಲಿ ಅದೇ ಸಂಸ್ಥೆ ಕೇಳಿದಾಗ ಆ ಸಂಖ್ಯೆ ಶೇ. 70 ಇತ್ತು. ಅದು ಅಮೆರಿಕದ ಲೆಕ್ಕ, ಎಲ್ಲ ಕಡೆಗೂ ಹಾಗೆಯೇ ಅನ್ವಯಿಸುವುದಿಲ್ಲ. ಆದರೆ ಅದರಲ್ಲಿರುವ ಇನ್ನೊಂದು ಅಂಕಿ ನನ್ನನ್ನು ಬಿಟ್ಟೂಬಿಡದೆ ಕಾಡಿದೆ. ಬಿಟ್ಟವರಲ್ಲಿ ಶೇ. 71 ಜನ, ನಾವು ಬಿಡಬೇಕು ಅಂತ ಯೋಚಿಸಿ ಬಿಟ್ಟಿದ್ದಲ್ಲ ಅಂದರು. ನಾನು ಕಣ್ಣಾರೆ ಕಂಡಿದ್ದೂ ಇದನ್ನೇ.

ಒಬ್ಬ ಹುಡುಗನ ನೆನಪಾಗುತ್ತದೆ. ಆಗ ಅವನಿಗೆ ಹತ್ತೊಂಬತ್ತು. ಯಾರದೋ ಮದುವೆಗೆ ಬಂದಿದ್ದ. ಎಲ್ಲರೂ ಊಟಕ್ಕೆ ಹೋದರೂ ಇವನು ಚರ್ಚಿನ ಮೆಟ್ಟಿಲ ಮೇಲೆ ಕೂತಿದ್ದ. ಕೈಯಲ್ಲಿ ಹಾಡಿನ ಹಾಳೆ. ಅದನ್ನು ಮಡಿಸಿ, ಮತ್ತೆ ಮಡಿಸಿ ಬೆರಳುಗುರಿನಷ್ಟು ಚಿಕ್ಕದು ಮಾಡಿದ್ದ. ಪಕ್ಕದಲ್ಲಿ ಕೂತೆ. ತುಂಬ ಹೊತ್ತಾದ ಮೇಲೆ ಅಂದ, "ಅಣ್ಣಾ, ನಾನು ಬಿಡಬೇಕು ಅಂತ ಬಿಡ್ಲಿಲ್ಲ. ಹೊಸ ಊರಲ್ಲಿ ಮೊದಲ ಭಾನುವಾರ ಚರ್ಚ್ ಎಲ್ಲಿದೆ ಅಂತ ಗೊತ್ತಿರ್ಲಿಲ್ಲ. ಎರಡನೇ ಭಾನುವಾರ ಮಲಗಿಬಿಟ್ಟೆ. ಮೂರನೇ ವಾರ ಪರೀಕ್ಷೆ. ಆಮೇಲೆ ಹೋಗೋಕೆ ನಾಚಿಕೆ ಆಯ್ತು. ಯಾರೂ ಕೇಳ್ಲೂ ಇಲ್ಲ." ಇಷ್ಟೇ ಅವನು ಹೇಳಿದ್ದು. ಇದರಲ್ಲಿ ದೇವರ ಮೇಲೆ ಕೋಪವೂ ಇಲ್ಲ, ನಾಸ್ತಿಕವಾದವೂ ಇಲ್ಲ. ಒಂದು ಭಾನುವಾರದ ಪಕ್ಕ ಇನ್ನೊಂದು ಭಾನುವಾರ, ಅಷ್ಟೇ.

ಆ ಕೊನೇ ಮಾತು ಇದೆಯಲ್ಲ, "ಯಾರೂ ಕೇಳ್ಲೂ ಇಲ್ಲ" ಅಂತ, ಅದು ನಮ್ಮ ಸಭೆಗೆ ಹೇಳಿದ್ದು. ಅವನು ಹತ್ತು ವರ್ಷ ನಮ್ಮ ಕಣ್ಣೆದುರೇ ಬೆಳೆದಿದ್ದ.

ಈಗ ನಿಮ್ಮ ಮುಖ್ಯ ಪ್ರಶ್ನೆಗೆ ಬರೋಣ. ಸಂಸ್ಕೃತಿ ಅವನನ್ನು ಕೆಡಿಸಿತಾ? ಸಂಸ್ಕೃತಿಗೆ ಬಲ ಇದೆ, ನಿಜ. ಆದರೆ ಎಲ್ಲ ತಪ್ಪನ್ನೂ ಅದರ ತಲೆಗೆ ಕಟ್ಟಿದರೆ ನಮಗೆ ಏನೂ ಅರ್ಥವಾಗುವುದಿಲ್ಲ. ಯುರೋಪಿನದೊಂದು ಲೆಕ್ಕ ನೋಡಿ. 2014ರಿಂದ 16ರವರೆಗಿನ ಸಮೀಕ್ಷೆಗಳ ಮೇಲೆ 2018ರಲ್ಲಿ ಬಂದ ವರದಿ ಅದು. 16ರಿಂದ 29ರ ವಯಸ್ಸಿನವರಲ್ಲಿ "ನನಗೆ ಯಾವ ಧರ್ಮವೂ ಇಲ್ಲ" ಅಂದವರು ಚೆಕ್ ದೇಶದಲ್ಲಿ ಶೇ. 91. ಪಕ್ಕದ ಪೋಲೆಂಡಿನಲ್ಲಿ ಶೇ. 17. ಎರಡೂ ಕಡೆ ಹುಡುಗರ ಕೈಯಲ್ಲಿ ಅದೇ ಮೊಬೈಲು. ಅದೇ ಸಿನಿಮಾ, ಅದೇ ಹಾಡು. ಬರೀ ಮೊಬೈಲೇ ಕಾರಣ ಆಗಿದ್ದರೆ ಇಷ್ಟು ಅಂತರ ಬರುತ್ತಿತ್ತಾ? ಮನೆ, ಸಭೆ, ಆ ನಾಡಿನ ಚರಿತ್ರೆ ಎಲ್ಲ ಸೇರಿಯೇ ಒಂದು ಮಗುವನ್ನು ರೂಪಿಸುವುದು.

ಸಂಸ್ಕೃತಿ ಹೇಗೆ ಕೆಲಸ ಮಾಡುತ್ತದೆ ಅಂತ ತಿಳಿಯಲು ನನಗೆ ದಾನಿಯೇಲನ ಪುಸ್ತಕದ ಮೊದಲ ಅಧ್ಯಾಯಕ್ಕಿಂತ ಒಳ್ಳೆಯ ಪಾಠ ಸಿಕ್ಕಿಲ್ಲ. ಯೆಹೂದದ ಹುಡುಗರನ್ನು ಬಾಬಿಲೋನಿಗೆ ಹಿಡಿದುಕೊಂಡು ಹೋದರು. ಅಲ್ಲಿ ಯಾರಾದರೂ ಅವರನ್ನು ಕೂರಿಸಿಕೊಂಡು "ನಿಮ್ಮ ದೇವರು ಸುಳ್ಳು" ಅಂತ ವಾದ ಮಾಡಿದರಾ? ಇಲ್ಲ. ಮೂರು ವರ್ಷದ ಓದು ಕೊಟ್ಟರು. ಅಲ್ಲಿನ ಭಾಷೆ, ಅಲ್ಲಿನ ಸಾಹಿತ್ಯ ಕಲಿಸಿದರು. ಅರಸನ ಮೇಜಿನಿಂದಲೇ ಊಟ ಕೊಟ್ಟರು. ಹೆಸರು ಬದಲಿಸಿದರು. ದಾನಿಯೇಲ ಬೇಲ್ತೆಶಚ್ಚರನಾದ. ಅವನ ಹೆಸರಲ್ಲಿದ್ದ ದೇವರ ಹೆಸರು ಹೋಗಿ ಬಾಬಿಲೋನಿನ ದೇವರ ಹೆಸರು ಬಂತು. ಒಳ್ಳೆಯ ಕಾಲೇಜು, ಒಳ್ಳೆಯ ಊಟ, ಮುಂದೆ ಒಳ್ಳೆಯ ಕೆಲಸ. ಬಲವಂತ ಅಂತ ಅನ್ನಿಸುವ ಹಾಗೇ ಇಲ್ಲ. ಬರೀ ಅಭ್ಯಾಸ. ಅಭ್ಯಾಸಕ್ಕೆ ಇರುವ ಶಕ್ತಿ ವಾದಕ್ಕೆ ಇಲ್ಲ.

ನಿಮ್ಮ ಮಗನ ಹಾಸ್ಟೆಲಿನಲ್ಲೂ ಅಷ್ಟೇ. ಯಾರೂ ಅವನ ಸತ್ಯವೇದವನ್ನು ಕಿತ್ತುಕೊಂಡಿರುವುದಿಲ್ಲ. ಕೈಯಲ್ಲಿರುವ ಮೊಬೈಲು ದಿನಕ್ಕೆ ನೂರು ಸಲ ಒಂದೇ ಪಾಠ ಹೇಳಿಕೊಡುತ್ತದೆ. ಇಷ್ಟವಾಗಲಿಲ್ಲವಾ, ಮುಂದಕ್ಕೆ ತಳ್ಳು. ಬೇಜಾರಾಯಿತಾ, ಬೇರೆ ನೋಡು. ನಿನಗೆ ಬೇಕಾದ್ದನ್ನು ನೀನೇ ಆರಿಸಿಕೋ. ಹತ್ತು ವರ್ಷ ಈ ಪಾಠ ಕಲಿತವನು ಚರ್ಚಿಗೆ ಬಂದು ಎರಡು ಗಂಟೆ ಕೂರಬೇಕು. ಹಾಡು ಅವನು ಆರಿಸಿದ್ದಲ್ಲ. ಪಕ್ಕದಲ್ಲಿ ಕೂತ ಅಜ್ಜ ಅವನು ಆರಿಸಿದವರಲ್ಲ. ಪ್ರಸಂಗ ಮುಂದಕ್ಕೆ ಓಡಿಸುವ ಹಾಗಿಲ್ಲ. ಸಭೆ ಅಂದರೆ ನಾವು ಆರಿಸಿಕೊಳ್ಳದ ಜನರ ಜೊತೆ ಒಂದೇ ಕುಟುಂಬವಾಗಿ ಬಾಳುವುದು. ಈ ಕಾಲ ಕಲಿಸುವ ಎಲ್ಲದಕ್ಕೂ ಅದು ಉಲ್ಟಾ. ಹಾಗಾಗಿಯೇ "ನಂಬಿಕೆ ಇದೆ, ಚರ್ಚ್ ಬೇಡ" ಅನ್ನುವ ಮಾತು ಅಷ್ಟು ಸಹಜವಾಗಿ ಬರುತ್ತದೆ. ನಂಬಿಕೆ ಅನ್ನುವುದೂ ಹಾಡಿನ ಪಟ್ಟಿಯ ಹಾಗೆ ನನ್ನದು, ನನಗೆ ಮಾತ್ರ ಸೇರಿದ್ದು ಅಂತ ಆಗಿಬಿಟ್ಟಿದೆ. ಅವನು ನಿಮಗೆ ಸುಳ್ಳು ಹೇಳುತ್ತಿಲ್ಲ. ಅವನಿಗೆ ನಿಜವಾಗಿಯೂ ಹಾಗೇ ಅನಿಸುತ್ತದೆ.

ಇನ್ನೊಂದು ಒತ್ತಡವೂ ಇದೆ. ದೊಡ್ಡವರಿಗೆ ಅದು ಕಾಣುವುದಿಲ್ಲ. ಹೊಸ ಜಾಗದಲ್ಲಿ ಬೇರೆ ಬೇರೆ ನಂಬಿಕೆಯವರು, ನಂಬಿಕೆ ಇಲ್ಲದವರು ಸ್ನೇಹಿತರಾಗುತ್ತಾರೆ. ಜ್ವರ ಬಂದಾಗ ರಾತ್ರಿಯೆಲ್ಲ ಎಚ್ಚರ ಇದ್ದು ನೋಡಿಕೊಂಡವನು ಅವರಲ್ಲೇ ಒಬ್ಬ. ಅಂಥವರ ಬಗ್ಗೆ ಚರ್ಚಿನಲ್ಲಿ ಯಾರಾದರೂ ಹಗುರವಾಗಿ ಮಾತಾಡಿದ್ದು ನೆನಪಾದರೆ ಹುಡುಗನ ಮನಸ್ಸು ಯಾವ ಕಡೆ ವಾಲುತ್ತದೆ ಹೇಳಿ. "ಲೋಕದವರು ಕೆಟ್ಟವರು" ಅಂತ ಸುಮ್ನೆ ಕಲಿಸಿದ ಪಾಠ ಮೊದಲ ಒಳ್ಳೆಯ ಸ್ನೇಹಿತ ಸಿಕ್ಕ ದಿನವೇ ಬಿದ್ದುಹೋಗುತ್ತದೆ. ಅದರ ಜೊತೆ ಇನ್ನೂ ಏನೇನು ಬೀಳುತ್ತದೋ.

ಈಗ ಸ್ವಲ್ಪ ಕಷ್ಟದ ಮಾತು ಹೇಳಬೇಕಿದೆ. ಬೇಸರ ಮಾಡಿಕೊಳ್ಳಬೇಡಿ. ನನ್ನ ಮನೆಯನ್ನೂ ಸೇರಿಸಿಯೇ ಹೇಳುತ್ತಿದ್ದೇನೆ. ಸಂಸ್ಕೃತಿ ಹೊರಗಿನಿಂದ ಬರುತ್ತದೆ ಅಂತ ನಾವು ಬಾಗಿಲು ಕಾಯುತ್ತೇವೆ. ಅದು ಎಷ್ಟೋ ಮೊದಲೇ ಒಳಗೆ ಬಂದು ಊಟಕ್ಕೆ ಕೂತಿರುತ್ತದೆ.

ನನ್ನ ಮಗಳಿಗೆ ದೊಡ್ಡ ಪರೀಕ್ಷೆ ಇದ್ದ ವರ್ಷ. ಭಾನುವಾರ ಬೆಳಗ್ಗೆ ವಿಶೇಷ ತರಗತಿ ಇಟ್ಟರು. ನಾವು ಕಳಿಸಿದೆವು. ಒಂದೇ ವರ್ಷ ತಾನೇ, ದೇವರಿಗೆ ಅರ್ಥ ಆಗುತ್ತದೆ ಅಂದುಕೊಂಡೆವು. ಕುಟುಂಬ ಪ್ರಾರ್ಥನೆಯನ್ನೂ ಹತ್ತು ನಿಮಿಷಕ್ಕೆ ಇಳಿಸಿದೆವು. ಆ ವರ್ಷ ಅವಳು ಏನು ಕಲಿತಳು? ಬಾಯಲ್ಲಿ "ಮೊದಲು ದೇವರ ರಾಜ್ಯ" ಅಂತ ನಾವು ಕಲಿಸಿದ್ದು ಹದಿನೈದು ವರ್ಷ. ಅಂಕ ಬೇಕಾದಾಗ ಯಾವುದನ್ನು ಬಿಡಬಹುದು ಅಂತ ಮಾಡಿ ತೋರಿಸಿದ್ದು ಒಂದು ವರ್ಷ. ಮಕ್ಕಳು ನೋಡಿದ್ದನ್ನು ನಂಬುತ್ತಾರೆ. ಕಾಲೇಜಿಗೆ ಹೋದ ಮೇಲೆ ಅವಳು ಓದು ಜಾಸ್ತಿ ಇದೆ ಅಂತ ಚರ್ಚ್ ತಪ್ಪಿಸಿದಾಗ ನನಗೆ ಬಯ್ಯಲು ಬಾಯಿ ಬರಲಿಲ್ಲ. ಅವಳು ನಮ್ಮ ಪಾಠವನ್ನೇ ಒಪ್ಪಿಸುತ್ತಿದ್ದಳು. ಒಂದು ದಿನ ಅವಳ ಹತ್ತಿರ ಇದನ್ನು ಹೇಳಿ ಕ್ಷಮೆ ಕೇಳಿದೆ. ಅವಳು ಏನೂ ಮಾತಾಡಲಿಲ್ಲ. ಆದರೆ ಅವತ್ತಿನಿಂದ ನಮ್ಮಿಬ್ಬರ ನಡುವೆ ದೇವರ ಬಗ್ಗೆ ಮಾತು ಮತ್ತೆ ಶುರುವಾಯಿತು.

ಸಮಾಜಶಾಸ್ತ್ರಜ್ಞ ಕ್ರಿಶ್ಚಿಯನ್ ಸ್ಮಿತ್ ಮತ್ತು ಅವರ ಜೊತೆಯವರು ಅಮೆರಿಕದಲ್ಲಿ 13ರಿಂದ 17 ವರ್ಷದ 3,000ಕ್ಕೂ ಹೆಚ್ಚು ಮಕ್ಕಳನ್ನು ಅಧ್ಯಯನ ಮಾಡಿ 2005ರಲ್ಲಿ ಫಲಿತಾಂಶ ಪ್ರಕಟಿಸಿದರು. ಹದಿಹರೆಯದವರು ಅಪ್ಪ ಅಮ್ಮನ ಧರ್ಮದ ವಿರುದ್ಧ ದಂಗೆ ಎದ್ದಿರುತ್ತಾರೆ ಅಂತ ಎಲ್ಲರ ನಂಬಿಕೆ. ಅವರು ಕಂಡಿದ್ದು ಬೇರೆ. ಬಹುಪಾಲು ಮಕ್ಕಳು ಅಪ್ಪ ಅಮ್ಮನ ದಾರಿಯಲ್ಲೇ ಇದ್ದರು. ಆದರೆ ಆ ದಾರಿ ಯಾವುದು ಅಂತ ಕೇಳಿದರೆ ಹೇಳಲು ಬರುತ್ತಿರಲಿಲ್ಲ. ಒಳ್ಳೆಯವರಾಗಿರಬೇಕು, ಖುಷಿಯಾಗಿರಬೇಕು, ತೊಂದರೆ ಬಂದಾಗ ದೇವರನ್ನು ಕರೆಯಬೇಕು, ಉಳಿದ ಹೊತ್ತು ದೇವರು ದೂರದಲ್ಲಿರುತ್ತಾನೆ. ಹೆಚ್ಚಿನವರ ನಂಬಿಕೆಯ ಸಾರ ಇಷ್ಟೇ ಆಗಿತ್ತು. ಶಿಲುಬೆ ಇಲ್ಲ, ಪಾಪದ ಕ್ಷಮೆ ಇಲ್ಲ, ಪುನರುತ್ಥಾನ ಇಲ್ಲ. ಇಂಥ ದೇವರಿಗಾಗಿ ಯಾರು ಭಾನುವಾರ ಬೆಳಗ್ಗೆ ಎದ್ದು ಎರಡು ಬಸ್ ಬದಲಿಸಿ ಹೋಗುತ್ತಾರೆ? ನಮ್ಮ ಮನೆಯ ಪ್ರಾರ್ಥನೆಗಳನ್ನು ಒಮ್ಮೆ ನೆನಪು ಮಾಡಿಕೊಳ್ಳಿ. ಪರೀಕ್ಷೆ, ಕೆಲಸ, ಆರೋಗ್ಯ, ಪ್ರಯಾಣ. ಇವು ಬೇಡ ಅಂತಲ್ಲ. ಇಷ್ಟೇ ಆದರೆ ಮಗುವಿಗೆ ಯೇಸು ಯಾರು ಅಂತ ಗೊತ್ತಾಗುವುದು ಎಲ್ಲಿಂದ?

ಬಾಯಿಪಾಠದ ಬಹುಮಾನಗಳ ಬಗ್ಗೆ ಬರೆದಿದ್ದೀರಿ. ವಾಕ್ಯ ಬಾಯಲ್ಲಿರುವುದು ಒಳ್ಳೆಯದೇ, ಅದು ವ್ಯರ್ಥ ಆಗುವುದಿಲ್ಲ. ಆದರೆ ಅವನು ಪ್ರಶ್ನೆ ಕೇಳಿದ್ದಕ್ಕೆ ಯಾವತ್ತಾದರೂ ಬಹುಮಾನ ಬಂದಿತ್ತಾ? ಲೂಕನ ಸುವಾರ್ತೆಯ 2ನೆಯ ಅಧ್ಯಾಯದಲ್ಲಿ ಹನ್ನೆರಡು ವರ್ಷದ ಯೇಸು ದೇವಾಲಯದಲ್ಲಿ ಬೋಧಕರ ನಡುವೆ ಕೂತು ಪ್ರಶ್ನೆ ಕೇಳುತ್ತಿದ್ದ. ಅವರು ಗದರಿಸಲಿಲ್ಲ.

ನಾನು ಗದರಿಸಿದ್ದೇನೆ. ಸೇವೆಗೆ ಬಂದ ಹೊಸದರಲ್ಲಿ ಸಂಡೇ ಸ್ಕೂಲಿನಲ್ಲಿ ದೊಡ್ಡ ಮಕ್ಕಳ ತರಗತಿ ನನ್ನದು. ಒಬ್ಬಳು ಹುಡುಗಿ, ಹದಿನಾಲ್ಕು ವರ್ಷ. ಅವಳ ಪುಟ್ಟ ತಮ್ಮ ಕಾಯಿಲೆಯಾಗಿ ತೀರಿಕೊಂಡು ಎರಡು ತಿಂಗಳಾಗಿತ್ತು. ಅವನಿಗಾಗಿ ಇಡೀ ಸಭೆ ಉಪವಾಸ ಪ್ರಾರ್ಥನೆ ಮಾಡಿತ್ತು. ಅವಳು ಕೈಯೆತ್ತಿ ಕೇಳಿದಳು, "ಎಲ್ರೂ ಉಪವಾಸ ಮಾಡಿದ್ರಲ್ಲ, ದೇವ್ರಿಗೆ ಯಾಕೆ ಕೇಳಿಸ್ಲಿಲ್ಲ?" ನಾನು ಹೆದರಿದೆ. "ದೇವರ ಚಿತ್ತ. ಅದನ್ನೆಲ್ಲ ಪ್ರಶ್ನೆ ಮಾಡಬಾರದು" ಅಂದು ಮುಂದಿನ ಪುಟ ತಿರುಗಿಸಿದೆ. ಅವಳು ಪೆನ್ನಿನ ಮುಚ್ಚಳ ಹಾಕಿದ ಟಕ್ ಎಂಬ ಸದ್ದು ಈಗಲೂ ಕೇಳಿಸುತ್ತದೆ. ಎಷ್ಟೋ ವರ್ಷದ ಮೇಲೆ ಸಿಕ್ಕಾಗ ಹೇಳಿದಳು, "ಅವತ್ತೇ ನಂಗೆ ಗೊತ್ತಾಯ್ತು, ಇಲ್ಲಿ ನನ್ನ ತಮ್ಮನ ವಿಷಯ ಮಾತಾಡೋ ಹಾಗಿಲ್ಲ ಅಂತ." ಅವಳಿಗೆ ಬೇಕಿದ್ದದ್ದು ಉತ್ತರವೇ ಆಗಿರಲಿಲ್ಲ. 13ನೆಯ ಕೀರ್ತನೆ ಶುರುವಾಗುವುದೇ "ಇನ್ನೆಷ್ಟು ಕಾಲ" ಅನ್ನುವ ಪ್ರಶ್ನೆಯಿಂದ. ಅದನ್ನು ಅವಳ ಜೊತೆ ಕೂತು ಓದಿದ್ದರೆ ಸಾಕಿತ್ತು.

ಶಿಷ್ಯರು ತೋಮನನ್ನು ಹೇಗೆ ನಡೆಸಿಕೊಂಡರು ನೋಡಿ. ಸತ್ತ ಯೇಸು ಎದ್ದು ಬಂದ ಅಂತ ಅವರು ಹೇಳಿದಾಗ ಅವನು "ನಾನು ಕಣ್ಣಾರೆ ನೋಡದೆ ನಂಬುವುದಿಲ್ಲ" ಅಂತ ಎಲ್ಲರ ಮುಂದೆ ಹೇಳಿಬಿಟ್ಟ. ಎಂಟು ದಿನದ ಮೇಲೆ ಯೇಸು ಬಂದಾಗ ತೋಮ ಅದೇ ಮನೆಯಲ್ಲಿ, ಅವರ ಜೊತೆಯಲ್ಲೇ ಇದ್ದ. ಆ ಎಂಟು ದಿನ ಅವನನ್ನು ಯಾರೂ ಹೊರಗೆ ಹಾಕಿರಲಿಲ್ಲ. ಸಂಶಯ ಇರುವವನಿಗೆ ನಮ್ಮ ಸಭೆಗಳಲ್ಲಿ ಅಂಥ ಎಂಟು ದಿನ ಸಿಗುತ್ತದಾ?

ಸಭೆಯ ಒಳಜಗಳಗಳ ವಿಷಯ ಜಾಸ್ತಿ ಹೇಳುವುದಿಲ್ಲ. ನಿಮಗೂ ಗೊತ್ತಿರುವುದೇ. ಲೈಫ್‌ವೇ ಸಮೀಕ್ಷೆಯಲ್ಲಿ ಚರ್ಚ್ ಬಿಡಲು ಕೊಟ್ಟ ಕಾರಣಗಳಲ್ಲಿ ಮೊದಲನೆಯದು ಕಾಲೇಜಿಗಾಗಿ ಊರು ಬಿಟ್ಟಿದ್ದು, ಶೇ. 34. ಅದರ ಹಿಂದೆಯೇ ಶೇ. 32 ಜನ ಹೇಳಿದ್ದು, ಸಭೆಯವರು ಬೇರೆಯವರ ತಪ್ಪು ಎಣಿಸುತ್ತಾರೆ, ಹೇಳುವುದೊಂದು ಮಾಡುವುದೊಂದು ಅಂತ. ಹಿರಿಯರ ಮನೆಯ ಮಕ್ಕಳಿಗೆ ಇದು ಬೇರೆಯವರಿಗಿಂತ ಹತ್ತಿರದಿಂದ ಕಾಣುತ್ತದೆ. ಕಮಿಟಿ ಸಭೆ ಮುಗಿಸಿ ಬಂದು ಅಪ್ಪ ಊಟದ ಹೊತ್ತಲ್ಲಿ ಪಾಸ್ಟರ್ ಬಗ್ಗೆ ಏನಂದರು, ಆಮೇಲೆ ಭಾನುವಾರ ಅದೇ ಪಾಸ್ಟರ್ ಕೈ ಕುಲುಕಿ ಹೇಗೆ ನಕ್ಕರು, ಎರಡನ್ನೂ ಮಗು ನೋಡಿರುತ್ತದೆ. ನಿಮ್ಮ ಮನೆಯಲ್ಲಿ ಹಾಗಾಗಿದೆ ಅಂತ ನಾನು ಹೇಳುತ್ತಿಲ್ಲ. ಮಗನನ್ನು ಕೇಳಿ ನೋಡಿ ಅಂತಷ್ಟೇ ಹೇಳುತ್ತಿದ್ದೇನೆ.

ಗಿಟಾರಿನ ವಿಷಯಕ್ಕೆ ಬರುತ್ತೇನೆ. ಅದು ನನಗೆ ಮುಖ್ಯ ಅನಿಸಿತು. ಪ್ರತಿಭೆ ಇರುವ ಹುಡುಗರಿಗೆ ನಾವು ಬೇಗ ವೇದಿಕೆ ಕೊಡುತ್ತೇವೆ. ಚೆನ್ನಾಗಿ ನುಡಿಸಿದೆ ಅಂತ ಬೆನ್ನು ತಟ್ಟುತ್ತೇವೆ. ಆದರೆ ಗಿಟಾರ್ ಕೆಳಗಿಟ್ಟ ಮೇಲೆ ಅವನು ಹೇಗಿದ್ದಾನೆ ಅಂತ ಎಷ್ಟು ಜನ ಕೇಳಿದ್ದರು? ಹೊಸ ಊರಿನ ಚರ್ಚಿನಲ್ಲಿ ವೇದಿಕೆ ಇಲ್ಲ, ಪರಿಚಯ ಇಲ್ಲ, ಕೊನೆಯ ಬೆಂಚು. ಅಲ್ಲಿ ಅವನು ಯಾರು? ಅದೂ ಅಲ್ಲದೆ ಇಲ್ಲಿರುವಾಗ ಅವನು ಬೆಳೆದಿದ್ದೆಲ್ಲ ತನ್ನ ವಯಸ್ಸಿನವರ ಜೊತೆ. ಪುಟ್ಟವನಿದ್ದಾಗ ಸಂಡೇ ಸ್ಕೂಲ್, ಆಮೇಲೆ ಯೌವನಸ್ಥರ ಕೂಟ. ದೊಡ್ಡವರ ಸಭೆ ಅವನ ಪಾಲಿಗೆ ಪಕ್ಕದ ಕೋಣೆ. ಇಂಗ್ಲೆಂಡಿನ ಗ್ಲಾಸ್ಟರಿನಲ್ಲಿ 1780ರಲ್ಲಿ ರಾಬರ್ಟ್ ರೈಕ್ಸ್ ಸಂಡೇ ಸ್ಕೂಲ್ ನಡೆಸಿದಾಗ ಅದು ವಾರವೆಲ್ಲ ದುಡಿಯುವ ಬಡ ಮಕ್ಕಳಿಗೆ ಓದು ಬರಹ ಕಲಿಸಲು ಇತ್ತು. ತುಂಬ ಒಳ್ಳೆಯ ಕೆಲಸ. ಬರಬರುತ್ತಾ ನಾವು ಮಕ್ಕಳ ನಂಬಿಕೆಯನ್ನೇ ಅದಕ್ಕೆ ಗುತ್ತಿಗೆ ಕೊಟ್ಟುಬಿಟ್ಟೆವು. ಧರ್ಮೋಪದೇಶಕಾಂಡದ 6ನೆಯ ಅಧ್ಯಾಯ ಮಾತ್ರ ಮನೆಯಲ್ಲಿ ಕೂತಾಗ, ದಾರಿ ನಡೆವಾಗ, ಮಲಗುವಾಗ, ಏಳುವಾಗ ಮಾತಾಡಿ ಅಂತ ಹೇಳಿದ್ದು ಮನೆಯ ದೊಡ್ಡವರಿಗೆ.

ಊರು ಬಿಟ್ಟು ಹೋದ ಹುಡುಗರ ಸಮಸ್ಯೆ ಈ ಕಾಲದ್ದಲ್ಲ. 1844ರಲ್ಲಿ ಲಂಡನ್ನಿನಲ್ಲಿ ಜಾರ್ಜ್ ವಿಲಿಯಮ್ಸ್ ಅಂತ 22 ವರ್ಷದ ಯುವಕ ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದ. ಹಳ್ಳಿಯಿಂದ ಬಂದವನು. ಅವನ ಹಾಗೆ ಕೆಲಸಕ್ಕೆ ಬಂದು, ಅಂಗಡಿಯ ಮೇಲಿನ ಕೋಣೆಗಳಲ್ಲೇ ಮಲಗುತ್ತಿದ್ದ ಹುಡುಗರು ತುಂಬ ಇದ್ದರು. ಅವರ ದಾರಿ ನೋಡುವವರು ಆ ಊರಲ್ಲಿ ಯಾರೂ ಇರಲಿಲ್ಲ. ಅವನು ಕೆಲವರನ್ನು ಸೇರಿಸಿ ಪ್ರಾರ್ಥನೆ, ವೇದಪಾಠ ಶುರು ಮಾಡಿದ. ವೈಎಂಸಿಎ ಎಂಬ ಕ್ರೈಸ್ತ ಯುವಕರ ಸಂಘ ಹುಟ್ಟಿದ್ದು ಹಾಗೆ. ದಾನಿಯೇಲನೂ ಒಬ್ಬನೇ ಇರಲಿಲ್ಲ, ಗಮನಿಸಿದ್ದೀರಾ? ನಾಲ್ಕು ಜನ ಇದ್ದರು. ಭಾಷೆ ಕಲಿತರು, ಹೆಸರನ್ನೂ ಸಹಿಸಿಕೊಂಡರು. ಅರಸನ ಊಟ ಮಾತ್ರ ಬೇಡ ಅಂದರು. ಎಲ್ಲಿ ಗೆರೆ ಎಳೆಯಬೇಕು ಅಂತ ಒಬ್ಬನೇ ಯೋಚಿಸುವುದು ಕಷ್ಟ. ನಾಲ್ಕು ಜನ ಇದ್ದರೆ ಧೈರ್ಯ ಬರುತ್ತದೆ.

ಹಾಗಾದರೆ ನೀವು ಏನು ಮಾಡಬಹುದು?

ಮೊದಲು ಒಂದು ವಿಷಯ ಖಚಿತ ಮಾಡಿಕೊಳ್ಳಿ. "ಚರ್ಚ್ ಬೇಡ" ಅನ್ನುವುದರ ಹಿಂದೆ ನೋವು ಇರಬಹುದು. ಸಭೆಯಲ್ಲಿ ಯಾರಾದರೂ ಅವನನ್ನು ಅವಮಾನ ಮಾಡಿರಬಹುದು, ಅಥವಾ ಅದಕ್ಕಿಂತ ಕೆಟ್ಟದ್ದು ನಡೆದಿರಬಹುದು. ಅವನ ಮನಸ್ಸೇ ಕುಗ್ಗಿರಬಹುದು. ನಿದ್ದೆ, ಊಟ, ಓದು ಹೇಗಿದೆ, ಸ್ನೇಹಿತರ ಜೊತೆ ಸೇರುತ್ತಾನಾ ಅಂತ ವಿಚಾರಿಸಿ. ಹಾಗೇನಾದರೂ ಇದ್ದರೆ ಚರ್ಚಿನ ಮಾತು ಪಕ್ಕಕ್ಕಿಡಿ. ಮೊದಲು ಅವನ ಜೊತೆ ನಿಲ್ಲಿ. ವೈದ್ಯರು ಬೇಕಾದರೆ ವೈದ್ಯರು, ದೂರು ಕೊಡಬೇಕಾದರೆ ದೂರು. ಸಭೆಯ ಮರ್ಯಾದೆ ಅಂತ ಮುಚ್ಚಿಹಾಕಬೇಡಿ.

ಎರಡನೆಯದು, ಪ್ರಾರ್ಥನಾ ಕೂಟದಲ್ಲಿ ಅವನ ಹೆಸರು ಹೇಳಿ "ಹಿಂಜಾರಿ ಹೋಗಿದ್ದಾನೆ, ಪ್ರಾರ್ಥಿಸಿ" ಅಂತ ಕೇಳಬೇಡಿ. ನಿಮ್ಮ ಸಂಕಟ ನನಗೆ ಅರ್ಥವಾಗುತ್ತದೆ. ಆದರೆ ಅದು ಸಂಜೆಯೊಳಗೆ ಅವನ ಮೊಬೈಲಿಗೆ ತಲುಪುತ್ತದೆ. ರಜೆಗೆ ಬಂದವನನ್ನು ಹತ್ತು ಜನ ಹತ್ತು ಥರ ನೋಡುತ್ತಾರೆ. ಎಷ್ಟೋ ಹುಡುಗರು ನನಗೆ ಹೇಳಿದ್ದಾರೆ, ವಾಪಸ್ ಬರೋಕೆ ಮನಸ್ಸಿತ್ತು, ಆ ನೋಟಕ್ಕೆ ಹೆದರಿ ಬರಲಿಲ್ಲ ಅಂತ. ಬಾಯಿ ಗಟ್ಟಿ ಇರುವ ಒಬ್ಬಿಬ್ಬರ ಜೊತೆ ಪ್ರಾರ್ಥಿಸಿ. ಸಾಕು.

ನಿಮ್ಮ ಯಜಮಾನರಿಗೆ ಇದನ್ನು ಓದಲು ಕೊಡಿ. ವರ್ನ್ ಬೆಂಗ್ಟ್ಸನ್ ಎಂಬ ಸಂಶೋಧಕರು 1970ರಿಂದ 35 ವರ್ಷ ಅಮೆರಿಕದ 350ಕ್ಕೂ ಹೆಚ್ಚು ಕುಟುಂಬಗಳನ್ನು ತಲೆಮಾರಿನಿಂದ ತಲೆಮಾರಿಗೆ ಹಿಂಬಾಲಿಸಿ ನೋಡಿದರು. ನಂಬಿಕೆ ಮಕ್ಕಳಿಗೆ ದಾಟುವುದರಲ್ಲಿ ಅಪ್ಪ ಅಮ್ಮ ಎಷ್ಟು ಭಕ್ತರು ಅನ್ನುವುದರ ಜೊತೆಗೆ ಮಕ್ಕಳ ಹತ್ತಿರ ಎಷ್ಟು ಪ್ರೀತಿಯಿಂದ ಇದ್ದರು ಅನ್ನುವುದೂ ದೊಡ್ಡದು ಅಂತ ಕಂಡುಬಂತು. ಅದರಲ್ಲೂ ಅಪ್ಪನ ಅಕ್ಕರೆ. ಭಕ್ತಿ ಇದ್ದೂ ದೂರ ಇದ್ದ, ಗಡುಸಾಗಿದ್ದ ಅಪ್ಪಂದಿರ ಮಕ್ಕಳಲ್ಲಿ ನಂಬಿಕೆ ಅಷ್ಟಾಗಿ ದಾಟಲಿಲ್ಲ. ತಲೆ ತಗ್ಗಿಸುವಂತಾಗಿದೆ ಅಂದಿರಲ್ಲ, ಆ ಮಾತು ಮಗನ ಕಿವಿಗೆ ಬಿದ್ದಿದ್ದರೆ ಅವನಿಗೆ ಕೇಳಿಸಿದ್ದು ಒಂದೇ: ಅಪ್ಪನಿಗೆ ನನಗಿಂತ ಹಿರಿಯರ ಸ್ಥಾನ ದೊಡ್ಡದು. ಅವರು ಒಮ್ಮೆ ಒಬ್ಬರೇ ಹಾಸ್ಟೆಲಿಗೆ ಹೋಗಿ ಬರಲಿ. ಉಪದೇಶ ಬೇಡ. ಅವನ ಕೋಣೆ ನೋಡಲಿ, ಅವನ ಸ್ನೇಹಿತರ ಜೊತೆ ಕೂತು ಊಟ ಮಾಡಲಿ, ಅವನು ಏನು ಓದುತ್ತಿದ್ದಾನೆ ಅಂತ ಕೇಳಲಿ. ಎಮ್ಮಾಹುವಿನ ದಾರಿಯಲ್ಲಿ ಇಬ್ಬರು ಶಿಷ್ಯರು ಯೇಸು ಸತ್ತುಹೋದ ಎಂಬ ನಿರಾಶೆಯಿಂದ ಯೆರೂಸಲೇಮ್ ಬಿಟ್ಟು ನಡೆಯುತ್ತಿದ್ದಾಗ, ಎದ್ದು ಬಂದಿದ್ದ ಯೇಸು ಮೊದಲು ಅವರ ಜೊತೆ ಹೆಜ್ಜೆ ಹಾಕಿದ. ಏನು ಮಾತಾಡುತ್ತಿದ್ದೀರಿ ಅಂತ ಕೇಳಿದ. ಅವರು ಹೇಳಿದ್ದನ್ನೆಲ್ಲ ಕೇಳಿಸಿಕೊಂಡ. ವಾಕ್ಯ ವಿವರಿಸಿದ್ದು ಆಮೇಲೆ.

ಆ ಊರಿನಲ್ಲಿ ಒಬ್ಬರನ್ನು ಹುಡುಕಿ. ಚರ್ಚಿನ ವಿಳಾಸ ಕಳಿಸಿದರೆ ಸಾಲದು, ಒಬ್ಬ ಮನುಷ್ಯ ಬೇಕು. ನಿಮ್ಮ ಪಾಸ್ಟರ್‌ಗೆ ಅಲ್ಲಿ ಗೊತ್ತಿರುವ ಕುಟುಂಬ ಇರಬಹುದು, ವಿದ್ಯಾರ್ಥಿಗಳ ಬೈಬಲ್ ಗುಂಪು ಇರಬಹುದು. ಮಗನಿಗೆ ಹೇಳಿಯೇ ಮಾಡಿ. ಕದ್ದು ಕಳಿಸಿದರೆ ಗೂಢಚಾರ ಅಂದುಕೊಳ್ಳುತ್ತಾನೆ. ಅವರು ಮೊದಲ ದಿನವೇ ಆರಾಧನೆಗೆ ಕರೆಯಬೇಕಿಲ್ಲ. ಒಮ್ಮೆ ಊಟಕ್ಕೆ ಕರೆಯಲಿ.

ಮುಂದೆ ಬಿಷಪ್ ಆಗಿ ದೊಡ್ಡ ಬೋಧಕನಾದ ಸಂತ ಅಗಸ್ಟೀನ್ ಕೂಡ ಇಂಥದೇ ಮಗ. ಸುಮಾರು 17ನೇ ವಯಸ್ಸಿಗೆ ಓದಲು ಕಾರ್ಥೇಜ್ ಎಂಬ ದೊಡ್ಡ ಊರಿಗೆ ಹೋದ. ಸತ್ಯವೇದ ತೆರೆದರೆ ಅದರ ಭಾಷೆ ಒರಟು ಅನಿಸಿತು. ಬೇರೆ ಪಂಥ ಸೇರಿದ. ಕೊನೆಗೆ ಅಮ್ಮ ಮೋನಿಕಾಗೆ ಸುಳ್ಳು ಹೇಳಿ ರಾತ್ರೋರಾತ್ರಿ ರೋಮಿನ ಹಡಗು ಹತ್ತಿದ. ಮೋನಿಕಾ ಎಷ್ಟು ಅತ್ತಳು ಅಂತ ಅವನೇ ಬರೆದಿಟ್ಟಿದ್ದಾನೆ. ಮುಂದೆ ಮಿಲಾನಿನಲ್ಲಿ ಬಿಷಪ್ ಅಂಬ್ರೋಸ್ ಸಿಕ್ಕ. ಅಗಸ್ಟೀನನಿಗೆ ಅವನು ಮೊದಲು ಹಿಡಿಸಿದ್ದು ಬೋಧಕ ಅಂತಲ್ಲ, ತನ್ನನ್ನು ತಂದೆಯ ಹಾಗೆ ಅಕ್ಕರೆಯಿಂದ ಬರಮಾಡಿಕೊಂಡ ಅಂತ. ಅವನ ಪ್ರಶ್ನೆಗಳಿಗೆ ದಾರಿ ಸಿಗತೊಡಗಿದ್ದು ಆಮೇಲೆ. ದೀಕ್ಷಾಸ್ನಾನ ಆಗಿದ್ದು ಕ್ರಿ.ಶ. 387ರಲ್ಲಿ, ಅವನಿಗೆ 32 ದಾಟಿದ ಮೇಲೆ. ಮೋನಿಕಾ ಅದನ್ನು ಕಣ್ತುಂಬ ನೋಡಿದಳು. ಎಲ್ಲ ಕಥೆಯೂ ಹೀಗೇ ಮುಗಿಯುತ್ತದೆ ಅಂತ ನಾನು ಮಾತು ಕೊಡಲಾರೆ. ಲೈಫ್‌ವೇ ಕೇಳಿದವರಲ್ಲಿ ಚರ್ಚ್ ಬಿಟ್ಟಿದ್ದ ಶೇ. 31 ಜನ ಮತ್ತೆ ತಿಂಗಳಿಗೆ ಎರಡು ಸಲವಾದರೂ ಬರುತ್ತಿದ್ದರು. ಉಳಿದವರಲ್ಲಿ ಅಪರೂಪಕ್ಕೆ ಬರುವವರಿದ್ದರು, ಬಾರದವರೂ ಇದ್ದರು.

ಇನ್ನು ರಜೆಯ ಪ್ರಶ್ನೆ. ಬಲವಂತ ಬೇಡ. ಇಪ್ಪತ್ತು ವರ್ಷದವನನ್ನು ಎಳೆದುಕೊಂಡು ಹೋಗಿ ಬೆಂಚಿನ ಮೇಲೆ ಕೂರಿಸಬಹುದು, ಅಷ್ಟೇ. ಶನಿವಾರ ರಾತ್ರಿ ಒಂದೇ ಒಂದು ಸಲ ಕೇಳಿ, "ನಾಳೆ ನಾವು ಹೋಗ್ತಿದ್ದೀವಿ, ಬರ್ತೀಯಾ?" ಬರುತ್ತೇನೆ ಅಂದರೆ ಹೊಗಳಬೇಡಿ, ಸಾಕ್ಷಿ ಹೇಳು ಅಂತ ನಿಲ್ಲಿಸಬೇಡಿ, ಗಿಟಾರ್ ಕೈಗೆ ಕೊಡಬೇಡಿ. ಇಲ್ಲ ಅಂದರೆ ಸರಿ ಅನ್ನಿ. ಮುಖ ಊದಿಸಿಕೊಳ್ಳಬೇಡಿ. ಆರಾಧನೆ ಮುಗಿಸಿ ಬಂದು ಅವನನ್ನು ಎಬ್ಬಿಸಿ, ಎಲ್ಲರೂ ಒಟ್ಟಿಗೆ ಊಟಕ್ಕೆ ಕೂರಿ. ಯಾವಾಗಲೂ ಮಾಡುವ ಪ್ರಾರ್ಥನೆ ಮಾಡಿ. ಅವನಿಗೆ ಕೇಳಿಸಲಿ ಅಂತ ಉದ್ದ ಮಾಡಬೇಡಿ. ಪಾತ್ರೆ ತೊಳೆಯುವಾಗ ಅವನು ಪಕ್ಕದಲ್ಲಿ ಬಂದು ನಿಂತು ಸುಮ್ನೆ ಏನೋ ಕೇಳಬಹುದು, ಬೇರೆ ಯಾವುದೋ ವಿಷಯ. ಕೈಯಲ್ಲಿರುವ ಕೆಲಸ ಬಿಟ್ಟು ಕೇಳಿಸಿಕೊಳ್ಳಿ.